ಹುಣಸೆಮರದ ಕೆಳಗೊಂದು ಯೆಜ್ಡಿ

ಚಳಿಗಾಲದ ಶನಿವಾರ ಬೆಳಿಗ್ಗೆ ಕ್ಯಾಮೆರಾ ನೇತುಹಾಕ್ಕೊಂಡು ಬೆಂಗಳೂರು ಬಿಡೋರಿಗೆ ಈಗ ಮೈಸೂರು ಎಕ್ಸ್‌ಪ್ರೆಸ್‌ವೇ ಇದೆ. ಅದರಲ್ಲಿ ಹೋದರೆ ಮದ್ದೂರು ಬಂದದ್ದೂ ಗೊತ್ತಾಗಲ್ಲ, ವಡೆಯೂ ಸಿಗಲ್ಲ. ನಾವು ಹಳೇ ರಸ್ತೆಯಲ್ಲೇ ಹೋದೆವು. ಮಂಜು ಕರಗದ ಕಬ್ಬಿನ ಗದ್ದೆ, ಎತ್ತಿನಗಾಡಿ ಅಂತ ನಿಲ್ಲಿಸಿ ನಿಲ್ಲಿಸಿ ಕ್ಲಿಕ್ಕಿಸುತ್ತಾ, ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ ಕೊಕ್ಕರೆಬೆಳ್ಳೂರು ಸೇರಿದಾಗ ಒಂಬತ್ತಾಗಿತ್ತು.

ಅವತ್ತಿನ ಮುನ್ನೂರು ಚಿತ್ರಗಳಲ್ಲಿ ನಾನು ಉಳಿಸಿಕೊಂಡಿದ್ದು ಒಂದೇ. ಮೇಲೆ ಹುಣಸೆಮರ, ಅದರ ತುಂಬ ಬಣ್ಣದ ಕೊಕ್ಕರೆಗಳು. ಕೆಳಗೆ ಹಾಲಿನ ಕ್ಯಾನು ಕಟ್ಟಿದ ಯೆಜ್ಡಿ ಬೈಕು, ಸೀಟಿನ ಮೇಲೆ ಗೊಬ್ಬರದ ಚೀಲ ಹೊದಿಸಿದ್ದರು. ಯಾಕೆ ಅಂತ ಮೇಲೆ ನೋಡಿದರೆ ಗೊತ್ತಾಗತ್ತೆ.

ಈ ಊರು ಮೊದಲು ಶಿಂಷಾ ದಡದಲ್ಲಿತ್ತಂತೆ. ಸುಮಾರು ನೂರು ವರ್ಷದ ಹಿಂದೆ ಪ್ಲೇಗ್ ಬಂದು ಜನ ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಇಲ್ಲಿನವರು ಹೇಳ್ತಾರೆ. ಅದಕ್ಕೆ ದಾಖಲೆ ಕೇಳೋದು ನನಗೆ ಸರಿ ಅನ್ನಿಸಲಿಲ್ಲ. ದಾಖಲೆ ಇರೋದು 1976ರದ್ದು. ಇಲ್ಲಿ ಹೆಜ್ಜಾರ್ಲೆಗಳು, ಅಂದ್ರೆ ಪೆಲಿಕನ್‌ಗಳು, ಊರೊಳಗೇ ಗೂಡು ಕಟ್ಟುತ್ತವೆ ಅಂತ ಹೊರಜಗತ್ತಿಗೆ ತಿಳಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. ಹೌದು, 1980ರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಗೂ ಗಿಡ ನೆಡಿಸಿದವರೇ. ನಿಮ್ಮ ಆಫೀಸ್ ರಸ್ತೆಯ ನೆರಳಲ್ಲಿ ಅವರ ಪಾಲೂ ಇರಬಹುದು.

ಈ ಮರಗಳು ಸರ್ಕಾರದ್ದಲ್ಲ, ಮನೆಮನೆಯವರದ್ದು. ಗೂಡಿರುವಾಗ ಹುಣಸೆ ಬಡಿಯೋ ಹಾಗಿಲ್ಲ. ಫಸಲು ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ, ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತೆ. 1990ರ ದಶಕದಲ್ಲಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದರು. 2007ರಲ್ಲಿ ಊರಿಗೆ ಸಮುದಾಯ ಮೀಸಲು ಪ್ರದೇಶದ ಹೆಸರು ಬಂತು. 2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದವು. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಪರಾವಲಂಬಿ ಹುಳು. ಹಕ್ಕಿ ಊರನ್ನ ನಂಬಬಹುದು, ಆದರೆ ಮೀನು ಹಿಡಿಯೋ ಕೆರೆ ಊರಿನ ಕೈಯಲ್ಲಿಲ್ಲ.

ಇನ್ನು ಆ ಬೈಕು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯ್ತು. ಫಾರೂಕ್ ಇರಾನಿಯವರ ಸಾಹಸ, ಜಯಚಾಮರಾಜ ಒಡೆಯರ ಬೆಂಬಲ, ಜೆಕ್ ದೇಶದ ವಿನ್ಯಾಸ. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಆಯಿತು. ಒಂದೇ ಲಿವರ್: ನಿಲ್ಲಿಸಿದರೆ ಕಿಕ್ಕರ್, ಮಲಗಿಸಿದರೆ ಗೇರು. ಎರಡು ಸೈಲೆನ್ಸರ್, 250 ಸಿಸಿ, ಸದ್ದಿಗೆ ಊರೇ ಏಳ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದವು, ಹಗುರ ಬೈಕುಗಳು ಬಂದವು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಬೆಂಗಳೂರಲ್ಲಿ ಅದು ಈಗ ಸಂಗ್ರಹದ ವಸ್ತು, ಪಾಲಿಶ್ ಹೊಡೆದು ಭಾನುವಾರ ಹೊರಗೆ ತರ್ತಾರೆ. ಇಲ್ಲಿ ಮಾತ್ರ ಅದಿನ್ನೂ ಹಾಲು ಹೊರ್ತಿದೆ. ನನ್ನ ಕೇಳಿದರೆ, ಮ್ಯೂಸಿಯಮ್ಮಿಗಿಂತ ಇದೇ ಮರ್ಯಾದೆ.

ಚೀಲ ತೆಗೆಯಲು ಬಂದ ಯಜಮಾನರು, "ಫೋಟೋ ಸಾಕಾ?" ಅಂದರು. ಮರ ಯಾರದು ಅಂದೆ. ಅಣ್ಣತಮ್ಮಂದಿರದ್ದು, ಪಾಲಾಗಬೇಕು ಅಂದರು. "ಮಗ ಇಲ್ಲೇ ಮನೆ ಕಟ್ಬೇಕು ಅಂತಾನೆ. ಜಾಗ ಎಲ್ಲೈತೆ?" ನಾನೇನು ಹೇಳಲಿ, ನಾನಿರೋ ಅಪಾರ್ಟ್‌ಮೆಂಟೇ ಯಾರದೋ ತೋಟ ಕಡಿದು ಕಟ್ಟಿದ್ದು.

ಅವರು ಮೂರು ಸಲ ಒದ್ದರು, ನಾಲ್ಕನೇ ಸಲಕ್ಕೆ ಯೆಜ್ಡಿ ಕೆಮ್ಮಿ ಎದ್ದಿತು. ಮೇಲಿನ ಕೊಕ್ಕರೆಗಳು ತಲೆಯೂ ತಿರುಗಿಸಲಿಲ್ಲ. ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶ ಇಲ್ಲ. ಮೈಸೂರಲ್ಲಿ ಹುಟ್ಟಿದ ಆ ಬೈಕು ಮೈಸೂರಿಗೇ ಹೋಗಬೇಕಾದರೂ ಈಗ ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಹೊಗೆ ಬಿಡುತ್ತಾ ಅದು ಡೈರಿ ಕಡೆ ತಿರುಗಿತು.