ಕಾನಾನ್ ನಾಡಿನ ಪದ, ಇಸ್ರಯೇಲರ ವಿಶ್ವಾಸ

ದೇವನಹಳ್ಳಿಯ ಹೆಸರಿನಲ್ಲೇ 'ದೇವ' ಎಂಬ ಪದವಿದೆ. ಅಲ್ಲಿನ ಕ್ರೈಸ್ತರೂ ಕರಾವಳಿಯ ನಾವೂ ಕನ್ನಡ ಬಲಿಪೂಜೆಯಲ್ಲಿ ಬಳಸುವ 'ದೇವರು' ಎಂಬ ಮಾತು, ಶುಭಸಂದೇಶ ಈ ನಾಡಿಗೆ ಬರುವ ಮೊದಲೇ ಇಲ್ಲಿತ್ತು. ಹೀಬ್ರೂ ಬೈಬಲಿನಲ್ಲಿ ನಾಲ್ಕು ಅಕ್ಷರಗಳಲ್ಲಿ ಬರೆದಿರುವ ದೇವರ ನಾಮಕ್ಕೆ ಕಥೋಲಿಕ ಕನ್ನಡ ಬೈಬಲ್ ಬಳಸುವ 'ಸರ್ವೇಶ್ವರ' ಎಂಬ ಪದವೂ ಹಾಗೆಯೇ. ಪ್ರಾಚೀನ ಇಸ್ರಯೇಲರಲ್ಲೂ ಇಂಥದ್ದೇ ನಡೆಯಿತು. ಇದನ್ನು ಕೇಳಿದ ಯುವಜನರು, "ಹಾಗಾದರೆ ನಮ್ಮ ವಿಶ್ವಾಸವೇ ಎರವಲೇ?" ಎಂದು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಹಳೆಯ ಒಡಂಬಡಿಕೆಯಲ್ಲೇ ಇದೆ.

ಉಗರಿತ್ ಫಲಕಗಳು

1928ರಲ್ಲಿ ಸಿರಿಯಾದ ಕಡಲ ತೀರದಲ್ಲಿ ರೈತನೊಬ್ಬನ ನೇಗಿಲಿಗೆ ಪುರಾತನ ಸಮಾಧಿಯ ಕಲ್ಲು ತಗುಲಿತು. 1929ರಲ್ಲಿ ಫ್ರಾನ್ಸಿನ ಕ್ಲೋಡ್ ಶೇಫರ್ ನೇತೃತ್ವದಲ್ಲಿ ಉತ್ಖನನ ಆರಂಭವಾಗಿ, ಕ್ರಿ.ಪೂ. 1200ರ ಸುಮಾರಿಗೆ ನಾಶವಾಗಿದ್ದ ಉಗರಿತ್ ನಗರ ಬೆಳಕಿಗೆ ಬಂತು. ಉಗರಿತ್ ಕಾನಾನಿಗೆ ಉತ್ತರದಲ್ಲಿದ್ದರೂ ಅದರ ಭಾಷೆ ಹೀಬ್ರೂವಿಗೆ ಹತ್ತಿರದ್ದು, ದೇವತೆಗಳ ಹೆಸರುಗಳೂ ಒಂದೇ. ಅಲ್ಲಿ ದೊರೆತ ಮಣ್ಣಿನ ಫಲಕಗಳಿಂದ ಕಾನಾನ್ಯರ ಧರ್ಮದ ಕುರಿತು ಬಹಳಷ್ಟು ತಿಳಿದುಬಂದಿದೆ.

ಏಲ್

ಆ ಫಲಕಗಳಲ್ಲಿ 'ಏಲ್' ದೇವಸಭೆಯ ಹಿರಿಯ, ಕರುಣೆಯುಳ್ಳ ತಂದೆ. ಅದೇ ಪದಕ್ಕೆ 'ದೇವರು' ಎಂಬ ಸಾಮಾನ್ಯ ಅರ್ಥವೂ ಇತ್ತು. ಯಕೋಬನು ಬೇತೇಲ್, ಅಂದರೆ 'ದೇವರ ಮನೆ', ಎಂದು ಕರೆದ ಊರಿನಲ್ಲೂ ಇಸ್ರಯೇಲ್ ಎಂಬ ಹೆಸರಿನಲ್ಲೂ ಈ ಪದವಿದೆ. ಸಾಲೇಮಿನ ಅರಸ ಮೆಲ್ಕಿಸದೇಕ 'ಏಲ್ ಎಲ್ಯೋನ್', ಅಂದರೆ ಪರಾತ್ಪರ ದೇವರ ಯಾಜಕ. ಅಬ್ರಾಮನು ಅದೇ ಹೆಸರಿನಲ್ಲಿ ಪ್ರಮಾಣ ಮಾಡುತ್ತಾನೆ (ಆದಿಕಾಂಡ 14:18-22). ಪೂರ್ವಜರಿಗೆ 'ಏಲ್ ಶದ್ದಾಯ್' ಆಗಿ ಕಾಣಿಸಿಕೊಂಡವರು ತಾವೇ ಎಂದು ದೇವರು ಮೋಶೆಗೆ ತಿಳಿಸುತ್ತಾರೆ (ವಿಮೋಚನಾಕಾಂಡ 6:3).

ಬಾಳ್

'ಬಾಳ್' ಎಂದರೆ ಒಡೆಯ, ಯಜಮಾನ. ಕನ್ನಡದ 'ಯಜಮಾನ'ನಂತೆ ಅದಕ್ಕೂ ಗಂಡ ಎಂಬ ಅರ್ಥವಿದೆ. ಬಾಳ್ ಮಳೆ ಗುಡುಗುಗಳ ದೇವತೆ. ಕಾನಾನ್ ಮಳೆಯನ್ನೇ ನಂಬಿದ ನಾಡು. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರಾಗಿ ಬೆಳೆಗಾರರಿಗೆ ಈ ಕಾಯುವಿಕೆ ಏನೆಂದು ಗೊತ್ತು. ಆದುದರಿಂದಲೇ ಕಾರ್ಮೆಲ್ ಬೆಟ್ಟದಲ್ಲಿ ಪ್ರವಾದಿ ಎಲೀಯನ ಸವಾಲಿನ ಹಿಂದೆ ಮಳೆ ಕೊಡುವವರು ಯಾರು ಎಂಬ ಪ್ರಶ್ನೆಯಿದೆ (1 ಅರಸುಗಳು 18). ಉಗರಿತ್ ಕಾವ್ಯದಲ್ಲಿ ಬಾಳ್ ಮೋಡಗಳನ್ನೇರಿ ಬರುವವನು. 104ನೇ ಕೀರ್ತನೆ ಮೋಡವನ್ನು ಇಸ್ರಯೇಲಿನ ದೇವರ ರಥವೆನ್ನುತ್ತದೆ. ಅಲ್ಲಿನ ಕಡಲ ಸರ್ಪ 'ಲೋತಾನ್' ಬೈಬಲಿನಲ್ಲಿ ಲಿವ್ಯಾತಾನ್ (ಯೆಶಾಯ 27:1).

ತೊರೆದದ್ದು

ಇಸ್ರಯೇಲರು ಎಲ್ಲವನ್ನೂ ಸ್ವೀಕರಿಸಲಿಲ್ಲ, ತೊರೆದದ್ದನ್ನು ಒಂದೇ ದಿನದಲ್ಲಿ ತೊರೆಯಲೂ ಇಲ್ಲ. ಸೀನಾಯ್ ಮರುಭೂಮಿಯ ಕುಂತಿಲ್ಲತ್ ಅಜ್ರೂದ್‌ನಲ್ಲಿ 1975-76ರಲ್ಲಿ ದೊರೆತ, ಕ್ರಿ.ಪೂ. 800ರ ಸುಮಾರಿನ ಬರಹಗಳು ದೇವರ ನಾಮದ ಜೊತೆಗೆ 'ಅಶೇರ'ವನ್ನೂ ಹೆಸರಿಸುತ್ತವೆ. ಅದು ದೇವತೆಯೋ, ಪೂಜಾಸ್ತಂಭವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಂದುವರಿದಿದೆ. ಕ್ರಿ.ಪೂ. ಏಳನೇ ಶತಮಾನದಲ್ಲಿ ಅರಸ ಯೋಷೀಯನು ಅಶೇರ ಸ್ತಂಭವನ್ನು ದೇವಾಲಯದಿಂದ ತೆಗೆಸಿ ಸುಡಿಸಿದನು (2 ಅರಸುಗಳು 23). ಮಕ್ಕಳನ್ನು ಬೆಂಕಿಗೆ ಕೊಡುವುದು ದೇವರ ಮನಸ್ಸಿಗೇ ಬಾರದ ಸಂಗತಿ ಎಂದು ಯೆರೆಮೀಯನು ಸಾರಿದನು (7:31). ಜನರು ಇನ್ನು ತಮ್ಮನ್ನು 'ನನ್ನ ಬಾಳ್' ಎನ್ನದೆ 'ನನ್ನ ಪತಿ' ಎನ್ನುವರು ಎಂದು ದೇವರು ಹೊಶೇಯನ ಮೂಲಕ ನುಡಿಯುತ್ತಾರೆ (ಅಧ್ಯಾಯ 2). ಬಾಬಿಲೋನಿನ ಸೆರೆವಾಸದ ಕಾಲದಲ್ಲಿ, ಬೇರೆ ದೇವರೇ ಇಲ್ಲ ಎಂಬ ಅರಿವು ಸ್ಪಷ್ಟವಾಗಿ ಮೂಡಿತು (ಯೆಶಾಯ 45).

ಎರಡನೇ ವ್ಯಾಟಿಕನ್ ಮಹಾಸಭೆಯ 'ದೇಯಿ ವೆರ್ಬುಂ' (1965) ಪವಿತ್ರ ಗ್ರಂಥವನ್ನು ಬರೆದವರ ಕಾಲ, ಸಂಸ್ಕೃತಿ, ಬರವಣಿಗೆಯ ರೀತಿಗಳನ್ನು ಗಮನಿಸಿ ಅರ್ಥೈಸಬೇಕೆನ್ನುತ್ತದೆ. ಧರ್ಮೋಪದೇಶ ನೀಡುವವರು ಯುವಜನರ ಪ್ರಶ್ನೆಗೆ ಹೆದರಬೇಕಾಗಿಲ್ಲ. ಪದಗಳು ನೆರೆಹೊರೆಯವರವು. ಆ ಪದಗಳಿಂದ ಯಾರನ್ನು ಕರೆಯಬೇಕು, ಆ ದೇವರು ಏನನ್ನು ಬಯಸುತ್ತಾರೆ, ಏನನ್ನು ಬಯಸುವುದಿಲ್ಲ ಎಂಬುದನ್ನು ಇಸ್ರಯೇಲರು ಶತಮಾನಗಳ ಕಾಲ ಎಡವುತ್ತಾ, ಪ್ರವಾದಿಗಳಿಂದ ತಿದ್ದಿಸಿಕೊಳ್ಳುತ್ತಾ ಕಲಿತರು.