ಗಡಿಗೋಡೆಯೂ ಬೆಳಗೊಳದ ಕಲ್ಲೂ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕೊಡಪ್ಪ ಎಂದು ನಮ್ಮ ಮೇಷ್ಟ್ರು ಫೋನ್ ಮಾಡಿದಾಗ ನನಗೆ ನೆನಪಾದದ್ದು ಒಂಬತ್ತನೇ ತರಗತಿಯ ಶ್ರವಣಬೆಳಗೊಳ ಪ್ರವಾಸ. ವಿಂಧ್ಯಗಿರಿ ಹತ್ತಿ, 58 ಅಡಿ ಎತ್ತರದ ಗೊಮ್ಮಟನನ್ನು ನೋಡಿ ಇಳಿದೆವು. ಊರೊಳಗಿನ ಭಂಡಾರಿ ಬಸದಿಯ ಹತ್ತಿರ ಸಮಾಜ ಮೇಷ್ಟ್ರು, "ಇಲ್ಲೊಂದು ಶಾಸನ ಇದೆ, ನೋಡ್ರೋ" ಎಂದರು. ನಾವು ಸೌತೆಕಾಯಿ ಮಾರುವವಳ ಹತ್ತಿರ ಓಡಿದೆವು. ನಾನೂ ಆ ಶಾಸನ ನೋಡಲಿಲ್ಲ.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಕೆಲವು ತಿಂಗಳು ಇಂಗ್ಲೆಂಡಿಗೆ ಹೋಗಬೇಕಾಯಿತು. ಒಂದು ಭಾನುವಾರ ಅಲ್ಲಿನ ಹೇಡ್ರಿಯನ್ ಗೋಡೆ ನೋಡಿದೆ. ರೋಮ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಆರಂಭಿಸಿದ ಈ ಗಡಿಗೋಡೆ ಸುಮಾರು 117 ಕಿ.ಮೀ. ಉದ್ದ. ಕಾವಲಿನ ಸೈನಿಕರು ನಾನಾ ನಾಡಿನವರು. ತಂತಮ್ಮ ದೇವರುಗಳನ್ನು ಅಲ್ಲೇ ಪೂಜಿಸುತ್ತಿದ್ದರು. ಗೋಡೆಯ ಪಕ್ಕದಲ್ಲಿ ಮಿತ್ರ ದೇವನ ಪುಟ್ಟ ಗುಡಿಯ ಪಾಯ ಇಂದಿಗೂ ಉಳಿದಿದೆ.

ಗೋಡೆ ಹೊರಗಿನವರನ್ನು ತಡೆಯಬಹುದು. ಒಳಗಿರುವ ಬೇರೆ ನಂಬಿಕೆಯವರನ್ನು ಕಾಯುವವರು ಯಾರು? ಮೊದಲು ಕ್ರೈಸ್ತರನ್ನು ಹಿಂಸಿಸಿದ್ದು ಇದೇ ರೋಮ್. 313ರಲ್ಲಿ ಅವರಿಗೆ ಸ್ವಾತಂತ್ರ್ಯ ಸಿಕ್ಕಿತು. ಮುಂದೆ ರಾಜಧರ್ಮವೇ ಕ್ರೈಸ್ತವಾದಾಗ ಕಷ್ಟ ಹಳೆಯ ದೇವರುಗಳ ಒಕ್ಕಲಿಗೆ ಬಂತು. 382ರಲ್ಲಿ ರೋಮಿನ ಸೆನೆಟ್ ಸಭಾಂಗಣದಿಂದ ವಿಜಯದೇವಿಯ ಪೀಠವನ್ನು ತೆಗೆಸಿದರು. ಅದನ್ನು ಮತ್ತೆ ಇರಿಸಿ ಎಂದು ನಗರಾಧಿಕಾರಿ ಸಿಮ್ಮಾಕಸ್ 384ರಲ್ಲಿ ಚಕ್ರವರ್ತಿಗೆ ಅರ್ಜಿ ಬರೆದ. ಅರ್ಜಿ ತಿರಸ್ಕೃತವಾಯಿತು. 391ರಲ್ಲಿ ಥಿಯೊಡೋಸಿಯಸ್ ಗುಡಿಗಳಲ್ಲಿ ಬಲಿ, ಪೂಜೆಗಳನ್ನೇ ನಿಷೇಧಿಸಿದ.

ಇದನ್ನೆಲ್ಲ ಓದುವಾಗ ಮೇಷ್ಟ್ರು ತೋರಿಸಿದ ಶಾಸನ ನೆನಪಾಯಿತು. ರಜೆಗೆ ಬಂದವನು ನೇರ ಬೆಳಗೊಳಕ್ಕೆ ಹೋದೆ.

ಅದು 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಯ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಅರಿಕೆ ಮಾಡಿಕೊಂಡರು. ರಾಯ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಮೊದಲಿನಂತೆಯೇ ಸಲ್ಲತಕ್ಕದ್ದು, ಜೈನರಿಗಾದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿ ಎಂದು ಬಗೆಯಬೇಕು ಎಂದು ತೀರ್ಪು ಕೊಟ್ಟ. ಇದನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ನಿಲ್ಲಿಸಬೇಕೆಂದೂ ವಿಧಿಸಿದ.

ಎಂಜಿನಿಯರನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು. ಹೊಣೆ ಹೊತ್ತವನು ತಿರುಮಲೆಯ ತಾತಯ್ಯ, ಅಂದರೆ ಎದುರು ಪಕ್ಷದ ಶ್ರೀವೈಷ್ಣವ! ತಮ್ಮ ಕಾವಲಿಗೆ ಜೈನರೇ ಹಣ ಕೊಡಬೇಕಾಯಿತಲ್ಲ ಎಂಬ ಕೊರಗು ನನಗೂ ಇದೆ. ಆದರೂ ಸೌಹಾರ್ದವೆಂದು ಬಾಯಲ್ಲಿ ಹೇಳಿ ಬಿಡಲಿಲ್ಲ. ಯಾರು, ಏನು, ಯಾವ ಹಣದಲ್ಲಿ ಮಾಡಬೇಕೆಂದು ಬರೆದಿಟ್ಟರು. ಹಾಗೆ ಬರೆಯದ ಒಪ್ಪಂದ ನಮ್ಮ ಕಚೇರಿಯಲ್ಲೂ ಆರು ತಿಂಗಳು ಬಾಳುವುದಿಲ್ಲ.

ಜಗಳದಲ್ಲಿ ವಾದ್ಯದ ಮಾತು ಬಂದದ್ದನ್ನು ಗಮನಿಸಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಸೀಮೆಯ ಹಳ್ಳಿಯವರಿಗೂ ಇದು ಹೊಸದಲ್ಲ. ಯಾರ ಮೆರವಣಿಗೆ ಯಾವ ಬೀದಿಯಲ್ಲಿ, ಯಾರ ತಮಟೆ ಎಲ್ಲಿಯವರೆಗೆ ಎಂಬ ಮಾತೇ ಇಂದಿಗೂ ಜಾತ್ರೆಗಳಲ್ಲಿ ಮನಸ್ಸು ಒಡೆಯುತ್ತದೆ. ಅಂಥ ಹೊತ್ತಿನಲ್ಲಿ ಹೆಚ್ಚು ಜನರಿರುವ ಕಡೆಯವರೇ ಕಡಿಮೆ ಜನರ ಕಾವಲಿಗೆ ನಿಲ್ಲಬೇಕು ಎಂಬ ಪಾಠ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲಿದೆ.

ಶಾಲೆಯ ಮಕ್ಕಳಲ್ಲಿ ಒಂದು ವಿನಂತಿ. ಬೆಳಗೊಳಕ್ಕೆ ಹೋದರೆ ಗೊಮ್ಮಟನನ್ನು ನೋಡಿ, ಇಳಿದು ಬಂದು ಭಂಡಾರಿ ಬಸದಿಗೂ ಹೋಗಿ. ಸೌತೆಕಾಯಿ ಆಮೇಲೆ ತಿನ್ನಬಹುದು. ಅಂದು ತೋರಿಸಿದ ಮೇಷ್ಟ್ರಿಗೆ, ತಡವಾಗಿಯಾದರೂ, ನನ್ನ ನಮಸ್ಕಾರ.