ತಟ್ಟೆ ಬಿದ್ರೆ ಬೆಚ್ಚೋ ಮಾವ

ನಮ್ಮ ಮಾವನೋರು ಕೋಲಾರದ ಚಿನ್ನದ ಗಣೀಲಿ ದುಡಿದೋರು. ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಒಂದ್ ರಾತ್ರಿ ಅಡುಗೆಮನೇಲಿ ಸ್ಟೀಲ್ ತಟ್ಟೆ ಕೈಜಾರಿ ಬಿತ್ತು. ಮಲಗಿದ್ದ ಮಾವ ದಡಕ್ಕನೆ ಎದ್ದು ಬೀದಿಗೆ ಓಡಿಬಿಟ್ರು. ನನಗೆ ನಗು ಬಂತು. "ನಗಬೇಡ ಕಣಮ್ಮ, ಅದು ಗಣಿ ಭಯ" ಅಂದ್ರು ಅತ್ತೆ.

ಆ ಭಯದ ಹಿಂದೆ ದೊಡ್ಡ ಚರಿತ್ರೇನೇ ಐತೆ. 1880ರಲ್ಲಿ ಜಾನ್ ಟೇಲರ್ ಅನ್ನೋ ಇಂಗ್ಲಿಷ್ ಕಂಪ್ನಿಯೋರು ಅಲ್ಲಿಗೆ ಬಂದ್ರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗ್ಳೂರಿಗಿಂತ ಮೊದ್ಲೇ. ಹೆಚ್ಚಿನ ಕೂಲಿಯೋರು ತಮಿಳು ಸೀಮೆಯಿಂದ ಬಂದ ಬಡವರು. ಅಗೀತಾ ಅಗೀತಾ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಯ್ತು. ಅಷ್ಟು ಆಳದಲ್ಲಿ ಬಂಡೆಯೇ ಕಾದಿರುತ್ತೆ. ಅದಿರು ತೆಗೆದ ಜಾಗದ ಸುತ್ತ ಕಲ್ಲಿನ ಮೇಲೆ ಭಾರ ಬಿದ್ದು, ಒಂದೊಂದ್ಸಲ ಬಾಂಬ್ ಸಿಡಿದಂಗೆ ಸಿಡೀತಿತ್ತು. ಅಲ್ಲಿನೋರು ಅದನ್ನ ಏರ್ ಬ್ಲಾಸ್ಟ್ ಅಂತಿದ್ರು. ಮೇಲಿನ ಮನೆಗಳೂ ಅದುರೋವು.

ಅತ್ತೆ ಹೇಳೋರು: "ನೆಲ ಅದುರಿದ್ರೆ ಒಲೆ ಆರಿಸಿ, ಮಗು ಎತ್ಕೊಂಡು ಗಣಿ ಬಾಗಿಲಿಗೆ ಓಡ್ತಿದ್ವಿ. ಯಾರ ಮನೆಯೋರು ಮೇಲೆ ಬರ್ತಾರೋ, ಯಾರೋರು ಇಲ್ವೋ." ಮಾವ ಬಂದ್ಮೇಲೂ ಮಾತಾಡ್ತಿರಲಿಲ್ವಂತೆ. ಸುಮ್ನೆ ಗೋಡೆ ನೋಡ್ಕೊಂಡು ಕೂರೋರು. ಮಾರನೇ ದಿನ ಮತ್ತೆ ಅದೇ ಗುಂಡಿಗೆ ಇಳೀಬೇಕಲ್ಲ! ಕೆಲವ್ರು ಕುಡಿಯೋರು, ಕೆಲವ್ರು ಹೆಂಡ್ತಿ ಮೇಲೆ ರೇಗೋರು. ಊರಿನೋರು ಅದನ್ನ ಕೋಪ, ಕುಡಿತ ಅಂದ್ರೇ ಹೊರತು ಭಯ ಅನ್ನಲಿಲ್ಲ.

ಕಲ್ಲಿನ ಧೂಳಿಂದ ಶ್ವಾಸಕೋಶ ಕೆಡೋದಕ್ಕೆ ಸಿಲಿಕೋಸಿಸ್ ಅಂತ ಹೆಸರಿತ್ತು, ಎಕ್ಸ್‌ರೇಲಿ ಕಾಣ್ತಿತ್ತು. ಮನಸ್ಸು ಕೆಟ್ಟಿದ್ದು ಯಾವ ಎಕ್ಸ್‌ರೇಲಿ ಕಾಣುತ್ತೆ? ಅದನ್ನ ನೋಡ್ಕೊಂಡೋರು ಮನೆ ಹೆಂಗಸ್ರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ಸಿಡಿತದ ಭಯ ಹೋಯ್ತು, ಅನ್ನದ ಭಯ ಬಂತು. ಮಕ್ಕಳು ಬೆಳಗಿನ ಜಾವಕ್ಕೇ ಬೆಂಗ್ಳೂರು ರೈಲು ಹತ್ತೋ ಹಂಗಾಯ್ತು. ಮಾವ ಮಾತ್ರ ಕೊನೇವರೆಗೂ ರಾತ್ರಿ ದೀಪ ಆರಿಸೋಕೆ ಬಿಡಲಿಲ್ಲ.

ಆವತ್ತು ನಕ್ಕಿದ್ದು ನನಗೆ ಈಗ್ಲೂ ಚುಚ್ಚುತ್ತೆ. ನಿಮ್ಮನೇಲೂ ಕಷ್ಟದ ಕೆಲಸ ಮಾಡಿ ಬಂದು ಸುಮ್ನೆ ಕೂರೋರಿದ್ರೆ, "ಯಾಕಿಂಗೆ ಮುಖ ಊದಿಸ್ಕೊಂಡಿದೀರಾ" ಅನ್ನಬೇಡಿ ಅಕ್ಕಂದಿರೇ. ಒಂದ್ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕೂತ್ಕೊಳ್ಳಿ. ನಿದ್ದೇನೇ ಬರ್ತಿಲ್ಲ ಅಂದ್ರೆ ಡಾಕ್ಟರ ಹತ್ರ ಕರ್ಕೊಂಡೋಗಿ. ಅದು ಹುಚ್ಚಲ್ಲ, ದುಡಿಮೆಯ ಗಾಯ.